ಹೆಣಿಗೆಯಿಂದ ಬೆಸುಗೆಯವರೆಗೆ: ಲೋಹದ ಮೀನುದೋಣಿ ಮತ್ತು ಕನ್ನಡದ ಕಸುಬಿನ ನುಡಿ

ಬೆಳಗಾವಿ ಜಿಲ್ಲೆಯ ಕಾಗವಾಡ ತಾಲ್ಲೂಕಿನ ಜುಗೂಳ ಕೃಷ್ಣಾನದಿಯ ದಡದ ಗ್ರಾಮ. ಆಚೆಯ ದಡದಲ್ಲಿ ಕೊಲ್ಹಾಪುರ ಜಿಲ್ಲೆಗೆ ಸೇರಿದ ಖಿದ್ರಾಪುರವಿದೆ. ಅಲ್ಲಿಯ ಕೋಪೇಶ್ವರ ದೇವಾಲಯದಲ್ಲಿ ಕನ್ನಡ ಶಾಸನಗಳೂ ಇವೆ. 1956ರ ರಾಜ್ಯ ಪುನರ್ವಿಂಗಡಣೆಯ ಬಳಿಕ ಈ ಹೊಳೆಯು ಎರಡು ರಾಜ್ಯಗಳ ನಡುವಣ ಗಡಿಯೂ ಆಯಿತು. ಆದರೆ ದಡದಿಂದ ದಡಕ್ಕೆ ಬೆಳೆದುಬಂದ ಸಂಬಂಧವು ದೋಣಿಯ ಸಂಬಂಧ. ಇಂತಹ ನೆಲೆಯಲ್ಲಿ ನಿಂತು ದೋಣಿಯ ಬಗೆಗೆ ಯೋಚಿಸುವಾಗ ಒಂದು ಪ್ರಶ್ನೆ ಏಳುತ್ತದೆ: ದೋಣಿಯನ್ನು ಕಟ್ಟುವ ದ್ರವ್ಯ ಬದಲಾದಾಗ ಅದನ್ನು ಕುರಿತ ಭಾಷೆಗೆ ಏನಾಗುತ್ತದೆ? ಕರಾವಳಿಯ ಮೀನುಗಾರಿಕೆಗೆಂದು ಒಂದೊಂದಾಗಿ ಬೆಸೆದು ನಿರ್ಮಿಸಲಾಗುವ ಅಲ್ಯೂಮಿನಿಯಂ ದೋಣಿಯನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಹೆಸರು ಮತ್ತು ಕ್ರಿಯೆ

'ಅಂಬಿಗ' ಎಂಬ ಪದದ ಮೂಲದಲ್ಲಿರುವ 'ಅಂಬಿ' ಎಂದರೆ ದೋಣಿ. ತಮಿಳಿನಲ್ಲಿಯೂ ಇದೇ ಅರ್ಥದ ಪದವಿದೆ. 'ದೋಣಿ' ಎಂಬುದು ಸಂಸ್ಕೃತದ 'ದ್ರೋಣಿ'ಯಿಂದ ಬಂದುದು. ದನಗಳಿಗೆ ನೀರುಣಿಸುವ ತೊಟ್ಟಿಗೂ ಮಾಡಿನ ನೀರು ಹರಿಯುವ ಕಾಲುವೆಗೂ ಕನ್ನಡದಲ್ಲಿ ಇದೇ ಹೆಸರು ಸಲ್ಲುತ್ತದೆ. ಅಂದರೆ ನೀರನ್ನು ಒಳಗೆ ಹಿಡಿದಿಡುವ ಪಾತ್ರೆಗೂ ನೀರನ್ನು ಹೊರಗೆ ತಡೆಯುವ ಪಾತ್ರೆಗೂ ಭಾಷೆಯು ಭೇದವೆಣಿಸಿಲ್ಲ. ಕೃಷ್ಣೆಯ ಪ್ರವಾಹಕಾಲದಲ್ಲಿ ಕಬ್ಬಿನ ಸೀಮೆಯ ರೈತರು ಬೆಲ್ಲ ಕಾಯಿಸುವ ಕೊಪ್ಪರಿಗೆಯನ್ನೇ ನೀರಿಗಿಳಿಸಿ ದಾಟಿದ್ದು ಈ ತಿಳಿವಳಿಕೆಯ ಪ್ರತ್ಯಕ್ಷ ರೂಪವೇ ಆಗಿದೆ. ತಗಡಿನ ಪಾತ್ರೆ ತೇಲಬಲ್ಲದೆಂಬುದು ಈ ಭಾಗದವರಿಗೆ ಹೊಸ ಸಂಗತಿಯಲ್ಲ.

ಹೆಸರುಗಳಿಗಿಂತ ಮುಖ್ಯವಾದುವು ಕ್ರಿಯಾಪದಗಳು. ಹರಿಗೋಲನ್ನು ಬಿದಿರ ದೆಬ್ಬೆಗಳಿಂದ ಹೆಣೆಯುತ್ತಾರೆ. ಒಂದೇ ಮರದ ದೋಣಿಯನ್ನು ಕೊರೆಯುತ್ತಾರೆ. ಅರಬ್ಬೀ ಸಮುದ್ರದ ಪ್ರಾಚೀನ ದೋಣಿಗಳ ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. ಮುಂದೆ ಮೊಳೆ ಬಡಿದು ಜೋಡಿಸುವ ಪದ್ಧತಿ ಬಂದಿತು. ಹೆಣೆ, ಕೊರೆ, ಹೊಲಿ, ಬಡಿ ಎಂಬ ಈ ಧಾತುಗಳಲ್ಲಿ ದೋಣಿಯ ಇತಿಹಾಸವೇ ಅಡಗಿದೆ. ಇವೆಲ್ಲವೂ ಮನೆಯ, ಹೊಲದ, ಕಮ್ಮಟದ ಮಾತುಗಳಾಗಿರುವುದನ್ನು ಗಮನಿಸಬೇಕು. ಆದುದರಿಂದಲೇ ದೋಣಿಯನ್ನು ಬಳಸುವವನು ಕಟ್ಟುವವನೊಡನೆ ಸಮಾನವಾಗಿ ಮಾತನಾಡಬಲ್ಲವನಾಗಿದ್ದನು.

2. ಅಚ್ಚಿನ ದೋಣಿ, ಅಳತೆಯ ದೋಣಿ

ಕರ್ನಾಟಕದ ಕರಾವಳಿಯಲ್ಲಿ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಯಂತ್ರೀಕರಣ ನಡೆಯಿತು. ಎಪ್ಪತ್ತರ ದಶಕದಲ್ಲಿ ಪರ್ಸೀನ್ ಬಲೆ ಬಂದ ಮೇಲೆ, ಊರಿನ ಹಲವು ಕೈಗಳು ಕೂಡಿ ದಡಕ್ಕೆಳೆಯುತ್ತಿದ್ದ ರಂಪಣಿ ಬಲೆಯೂ ಅದರ ದೊಡ್ಡ ದೋಣಿಯೂ ಹಿಂದೆ ಸರಿದವು. ಸಣ್ಣ ದೋಣಿಗಳಲ್ಲಿ ಮರದ ಸ್ಥಾನವನ್ನು ಬಹುಮಟ್ಟಿಗೆ ಫೈಬರ್ ಆಕ್ರಮಿಸಿತು. ಫೈಬರ್ ದೋಣಿ ಹುಳು ತಿನ್ನದು, ಹಗುರ, ಬೆಲೆಯಲ್ಲಿ ಎಟಕುವಂಥದು. ಆದರೆ ಅದು ಹುಟ್ಟುವುದು ಅಚ್ಚಿನಲ್ಲಿ. ಅಚ್ಚು ಒಮ್ಮೆ ಸಿದ್ಧವಾದರೆ ಅದರಿಂದ ಬರುವ ದೋಣಿಗಳೆಲ್ಲ ಒಂದೇ ರೂಪದವು. ಕೊಳ್ಳುವವನು ಬಣ್ಣವನ್ನು ಆರಿಸಬಹುದು, ಮೈಯನ್ನು ಆರಿಸಲಾರನು.

ಬೆಸುಗೆಯ ಅಲ್ಯೂಮಿನಿಯಂ ದೋಣಿಯ ಸ್ವರೂಪ ಇದಕ್ಕಿಂತ ಭಿನ್ನವಾದುದು. ಅದಕ್ಕೆ ಅಚ್ಚು ಬೇಡ. ತಗಡನ್ನು ಅಳೆದು ಕತ್ತರಿಸಿ, ಬಾಗಿಸಿ, ಪಕ್ಕೆಲುಬುಗಳಿಗೆ ಹೊಂದಿಸಿ ಬೆಸೆಯಲಾಗುತ್ತದೆ. ಒಂದು ದೋಣಿಯ ಅಗಲ ಹೆಚ್ಚಿಸಬಹುದು, ಇನ್ನೊಂದರ ತಳವನ್ನು ಚಪ್ಪಟೆ ಮಾಡಬಹುದು, ಮತ್ತೊಂದಕ್ಕೆ ಬಲೆಯೆಳೆಯುವ ಯಂತ್ರದ ಸ್ಥಾನವನ್ನು ಬದಲಿಸಬಹುದು. ಇದಕ್ಕೆ ಪ್ರಸಿದ್ಧ ನಿದರ್ಶನ ಅಲಾಸ್ಕದ ಬ್ರಿಸ್ಟಲ್ ಕೊಲ್ಲಿಯ ಸಾಲ್ಮನ್ ಮೀನುಗಾರಿಕೆ. ಅಲ್ಲಿ ಬಲೆದೋಣಿಯ ಉದ್ದ 32 ಅಡಿಗಳನ್ನು ಮೀರಕೂಡದೆಂಬ ನಿಯಮವಿದೆ. ಉದ್ದವನ್ನು ಬೆಳೆಸಲಾಗದ ಮೀನುಗಾರರು ಅಗಲವನ್ನು ಬೆಳೆಸಿದರು. ಆಳವಿಲ್ಲದ ನೀರಿನಲ್ಲಿ ಓಡುವಂತೆ ತಳವನ್ನು ತಿದ್ದಿಸಿದರು. ಒಂದೇ ಉದ್ದದ ದೋಣಿಗಳು ತಮ್ಮ ಒಡೆಯರ ಅನುಭವಕ್ಕೆ ತಕ್ಕಂತೆ ಬೇರೆ ಬೇರೆ ಮೈ ತಳೆದವು. ಹೊಸ ಲೋಹದಲ್ಲಿ ಇಲ್ಲಿ ಕಾಣುವುದು ಹಳೆಯ ಬಡಗಿಯ ಪದ್ಧತಿಯೇ ಆಗಿದೆ.

3. ಲೋಹದ ಗುಣ ಮತ್ತು ಎಚ್ಚರ

ನಮ್ಮ ಕರಾವಳಿಯಲ್ಲಿ ಅಲ್ಯೂಮಿನಿಯಂ ಮೀನುದೋಣಿ ಇಂದಿಗೂ ಸಾಮಾನ್ಯ ನೋಟವಲ್ಲ. ಅದರ ಯೋಗ್ಯತೆಯನ್ನು ವಿಚಾರಿಸುವುದಕ್ಕೆ ಲೋಹದ ಸ್ವಭಾವವನ್ನು ತಿಳಿಯುವುದು ಅಗತ್ಯ. ಅಲ್ಯೂಮಿನಿಯಂನ ಸಾಂದ್ರತೆ ನೀರಿನ 2.7 ಪಟ್ಟು, ಉಕ್ಕಿನದು ಸುಮಾರು 7.8 ಪಟ್ಟು. ಆದರೆ ಬಾಗುವಿಕೆಯನ್ನು ತಡೆಯುವ ಬಿಗುವು ಉಕ್ಕಿನ ಮೂರನೆಯ ಒಂದು ಪಾಲು ಮಾತ್ರ. ಹೀಗಾಗಿ ತಗಡನ್ನು ಹೆಚ್ಚು ದಪ್ಪವಾಗಿ ಬಳಸಬೇಕಾಗುತ್ತದೆ; ಆದರೂ ಒಟ್ಟು ಮೈಯ ತೂಕ ಉಕ್ಕಿನ ದೋಣಿಯದಕ್ಕಿಂತ ಬಹಳ ಕಡಿಮೆಯೇ ಉಳಿಯುತ್ತದೆ. ಕರ್ನಾಟಕದಲ್ಲಿ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆಗ ಕಡಲಿಗಿಳಿಯುವುದು ಸಣ್ಣ ನಾಡದೋಣಿಗಳು. ಅಳಿವೆಯ ತೆರೆಯನ್ನು ದಾಟಬೇಕಾದ, ಮರಳ ಮೇಲೆ ಎಳೆದು ನಿಲ್ಲಿಸಬೇಕಾದ ಇಂತಹ ದೋಣಿಗಳಿಗೆ ಹಗುರತನವೆಂಬುದು ಬರಿಯ ಅನುಕೂಲವಲ್ಲ, ಜೀವರಕ್ಷಣೆಯ ವಿಷಯ.

ಕಡಲಿಗೆ ಒಗ್ಗುವುದು ಮೆಗ್ನೀಸಿಯಂ ಬೆರೆತ ಮಿಶ್ರಲೋಹ. ಹೆಚ್ಚಾಗಿ ಬಳಕೆಯಾಗುವ 5083 ಎಂಬ ಮಿಶ್ರಲೋಹದಲ್ಲಿ ಮೆಗ್ನೀಸಿಯಂನ ಅಂಶ ಶೇಕಡಾ 4ರಿಂದ 4.9. ಇದರ ಬೆಸುಗೆ ಕಬ್ಬಿಣದ ಬೆಸುಗೆಯಂತಲ್ಲ. ಶುದ್ಧ ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದರೆ, ಅದರ ಮೈಮೇಲಿನ ಆಕ್ಸೈಡ್ ಪೊರೆ ಕರಗಲು 2000 ಡಿಗ್ರಿಗೂ ಮೀರಿದ ಕಾವು ಬೇಕು. ಆ ಪೊರೆಯನ್ನು ಉಜ್ಜಿ ತೆಗೆಯದೆ, ಆರ್ಗಾನ್ ಅನಿಲದ ಮರೆಯಿಲ್ಲದೆ ಬೆಸೆದರೆ ಹೊರನೋಟಕ್ಕೆ ಸರಿಯೆನಿಸಿದ ಬೆಸುಗೆಯೂ ಒಳಗೆ ಪೊಳ್ಳಾಗಿರುತ್ತದೆ. ಬೆಸುಗೆಯ ಅಕ್ಕಪಕ್ಕದ ಲೋಹವು ಕಾವಿನಿಂದ ತನ್ನ ಬಲವನ್ನು ಒಂದಿಷ್ಟು ಕಳೆದುಕೊಳ್ಳುತ್ತದೆ. ತೆರೆಯ ಹೊಡೆತಕ್ಕೆ ಬಿರುಕು ಮೊದಲು ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಅಲ್ಲಿಯೇ.

ಇನ್ನೊಂದು ಅಪಾಯ ತಾಮ್ರದಿಂದ ಬರುವಂಥದು. ಉಪ್ಪುನೀರಿನಲ್ಲಿ ಅಲ್ಯೂಮಿನಿಯಂಗೆ ತಾಮ್ರವಾಗಲಿ ಕಂಚಾಗಲಿ ತಾಗಿದರೆ ಅಲ್ಯೂಮಿನಿಯಂ ಸವೆಯತೊಡಗುತ್ತದೆ. ಮರದ ದೋಣಿಗೆ ಹಿತವಾದ, ಚಿಪ್ಪುಜೀವಿಗಳನ್ನು ತಡೆಯುವ ತಾಮ್ರಯುಕ್ತ ಬಣ್ಣವು ಈ ದೋಣಿಯ ತಳಕ್ಕೆ ವಿಷ. ತಲೆಮಾರುಗಳಿಂದ ಬಂದ ಒಳ್ಳೆಯ ಅಭ್ಯಾಸವೇ ಇಲ್ಲಿ ಕೇಡಾಗಿ ಪರಿಣಮಿಸಬಲ್ಲದು. ಈ ಎಚ್ಚರಿಕೆಯು ಇಂಗ್ಲಿಷ್ ಕೈಪಿಡಿಯಲ್ಲಿ ಮಾತ್ರ ಉಳಿದರೆ, ಬಣ್ಣದ ಕುಂಚವನ್ನು ಹಿಡಿದ ಮೀನುಗಾರನಿಗೆ ತಲುಪುವ ಬಗೆಯೇನು? ಪರಿಭಾಷೆಯ ಪ್ರಶ್ನೆಯು ವಿದ್ವಾಂಸರ ಮೇಜಿನಿಂದ ಕೆಳಗಿಳಿದು ದೋಣಿಯ ತಳವನ್ನು ಮುಟ್ಟುವುದು ಇಂತಹ ಸಂದರ್ಭದಲ್ಲಿಯೇ.

4. ಮತ್ತೆ ಜುಗೂಳಕ್ಕೆ

ಈ ಲೋಹವು ಬೆಳಗಾವಿ ಜಿಲ್ಲೆಗೆ ಅಪರಿಚಿತವಲ್ಲ. ಬಾಕ್ಸೈಟ್ ಅದಿರಿನಿಂದ ಅಲ್ಯೂಮಿನಾ ತಯಾರಿಸುವ ಕಾರ್ಖಾನೆ ಬೆಳಗಾವಿಯಲ್ಲಿ ಕಳೆದ ಶತಮಾನದಿಂದಲೇ ಇದೆ. ಆದರೆ ಲೋಹದ ಮೂಲದ್ರವ್ಯ ಸಿದ್ಧವಾಗುವ ಜಿಲ್ಲೆಯಲ್ಲಿಯೇ ಆ ಲೋಹದ ದೋಣಿಯ ಬಗೆಗಿನ ತಿಳಿವಳಿಕೆಯೂ ಇದೆಯೆಂದು ಹೇಳಲು ಬರುವಂತಿಲ್ಲ. ಇನ್ನೊಂದೆಡೆ 2005, 2019 ಮತ್ತು 2021ರ ಪ್ರವಾಹಗಳಲ್ಲಿ ಕೃಷ್ಣಾತೀರದ ಹಳ್ಳಿಗಳು ನೀರಿನಿಂದ ಸುತ್ತುವರಿದಾಗ ದೋಣಿಯೇ ಗತಿಯಾಯಿತು.

ಕಡಲ ದೋಣಿಯನ್ನು ಹಾಗೆಯೇ ತಂದು ಹೊಳೆಗಿಳಿಸಲಾಗದು. ಕಡಲಿನ ತೆರೆಯನ್ನು ಸೀಳಲು ಚೂಪಾದ ತಳ ಬೇಕು. ನೆರೆ ನುಗ್ಗಿದ ಕಬ್ಬಿನ ಗದ್ದೆಯ ಮೇಲೆ, ಮುಳುಗಿದ ಬೇಲಿಯ ಪಕ್ಕದಲ್ಲಿ ಸಾಗಲು ಚಪ್ಪಟೆಯಾದ, ಕಡಿಮೆ ನೀರಿನಲ್ಲಿ ತೇಲುವ ತಳ ಬೇಕು. ಈ ಭೇದವನ್ನು ಬಲ್ಲವನು ಆ ನೀರಿನ ಅಂಬಿಗ. ಸೆಳವು ಎಲ್ಲಿ ತಿರುಗುತ್ತದೆ, ಮಡು ಎಲ್ಲಿದೆ ಎಂಬುದು ಅವನ ಮಾತಿನಲ್ಲಿದೆ. ತಗಡಿನ ದಪ್ಪ, ಬೆಸುಗೆಯ ಕ್ರಮ ಬೆಸುಗೆಗಾರನ ಮಾತಿನಲ್ಲಿದೆ. ಅಳತೆಗೆ ತಕ್ಕಂತೆ ಕಟ್ಟುವ ದೋಣಿಯೆಂದರೆ ಈ ಎರಡು ಮಾತುಗಳ ಸಂಧಿ. ಇಬ್ಬರಿಗೂ ತಿಳಿಯುವ ನುಡಿ ಇಲ್ಲದಿದ್ದಲ್ಲಿ ಹೊಸ ವಿಧಾನವೂ ಮತ್ತೊಂದು ಅಚ್ಚೇ ಆಗಿ ಉಳಿಯುತ್ತದೆ.

ಕನ್ನಡಕ್ಕೆ ಇದು ಅಸಾಧ್ಯವಾದ ಕಾರ್ಯವಲ್ಲ. ಹನ್ನೆರಡನೆಯ ಶತಮಾನದಲ್ಲಿ ಅಂಬಿಗರ ಚೌಡಯ್ಯನು ತನ್ನ ಕಸುಬಿನ ಹೆಸರನ್ನೇ ವಚನದ ಅಂಕಿತದಲ್ಲಿ ನಿಲ್ಲಿಸಿದನು. ಹುಟ್ಟು, ಹಾಯಿ, ತಳ, ಮೈ ಮೊದಲಾದ ಮಾತುಗಳು ಜೀವಂತವಾಗಿವೆ. ಪರ್ಷಿಯನ್ನಿನ 'ಲಂಗರು' ನಮ್ಮದಾಗಿ ಬಹುಕಾಲವಾಯಿತು. 'ವೆಲ್ಡಿಂಗ್' ಎಂಬ ಮಾತು ಕಾರ್ಯಾಗಾರದಲ್ಲಿ ನೆಲೆಗೊಂಡಿರುವಂತೆ 'ಬೆಸುಗೆ'ಯೂ ಜೊತೆಗಿರಬಲ್ಲದು. ಹೊಸ ಪದಗಳನ್ನು ಟಂಕಿಸುವುದಕ್ಕಿಂತ ಮೊದಲು ಅಂಬಿಗರ, ಮೀನುಗಾರರ, ಕಮ್ಮಾರರ ಬಾಯಲ್ಲಿರುವುದನ್ನು ಊರೂರಿನಲ್ಲಿ ಸಂಗ್ರಹಿಸುವುದು ಅಗತ್ಯ. ಸೇತುವೆಗಳು ಹೆಚ್ಚಿದಂತೆ ಹೊಳೆಯ ಅಂಬಿಗರ ಸಂಖ್ಯೆ ಕುಗ್ಗುವುದರಿಂದ ಈ ಕೆಲಸಕ್ಕೆ ಕಾಲದ ಮಿತಿಯೂ ಇದೆ.

ಒಟ್ಟಿನಲ್ಲಿ, ಹೆಣೆ, ಕೊರೆ, ಹೊಲಿ, ಬಡಿ ಎಂಬ ಧಾತುಗಳ ಸಾಲಿಗೆ 'ಬೆಸೆ' ಎಂಬುದು ಸಹಜವಾಗಿಯೇ ಸೇರುತ್ತದೆ. ಅದು ಕಟ್ಟುವವನ ಮತ್ತು ಬಳಸುವವನ ಇಬ್ಬರ ಮಾತೂ ಆದಾಗ ಮಾತ್ರ ಲೋಹದ ದೋಣಿಯು ಈ ನೆಲದ, ಈ ನೀರಿನ ದೋಣಿಯಾಗುತ್ತದೆ.