ಕುಂಡದ ಗಿಡಗಳೂ ಮನೆಯ ನಾಯಿ-ಬೆಕ್ಕುಗಳೂ

ಮಾಡದಕೆರೆ ಸೀಮೆಯ ಮನೆಗಳಲ್ಲಿ ಹಿತ್ತಿಲ ಕಣಗಿಲೆಯ ಜೊತೆಗೆ ಈಗ ಜಗಲಿಯ ಮೇಲೆ ನರ್ಸರಿಯಿಂದ ತಂದ ಕುಂಡಗಳೂ ಕಾಣಿಸುತ್ತವೆ. ಇವುಗಳಲ್ಲಿ ಕೆಲವು ನಾಯಿ-ಬೆಕ್ಕುಗಳಿಗೆ ವಿಷವೆಂಬುದನ್ನು ಭಕ್ತಾದಿಗಳು ಅರಿತಿರಬೇಕು.

ಮನಿ ಪ್ಲಾಂಟ್ ಹಾಗೂ ಅಗಲವಾದ ಎಲೆಯ ಮೇಲೆ ಬಿಳಿ ಮಚ್ಚೆಗಳಿರುವ ಡಿಫೆನ್‌ಬಾಕಿಯಾ ಕೆಸುವಿನ ಕುಟುಂಬಕ್ಕೆ ಸೇರಿದವು. ಹಸಿ ಕೆಸು ಗಂಟಲನ್ನು ಕೆರೆಸಲು ಕಾರಣವಾದ ಸೂಜಿಯಂಥ ಆಕ್ಸಲೇಟ್ ಹರಳುಗಳೇ ಇವುಗಳಲ್ಲಿಯೂ ಇವೆ. ಅಗಿದ ಪ್ರಾಣಿ ಜೊಲ್ಲು ಸುರಿಸುತ್ತದೆ, ಬಾಯಿ ಊದಿಕೊಳ್ಳುತ್ತದೆ, ಪ್ರಾಣಹಾನಿ ಅಪರೂಪ. ಹೂಗುಚ್ಛಗಳಲ್ಲಿ ಬರುವ ಲಿಲ್ಲಿ ಹಾಗಲ್ಲ. ಮೈಗಂಟಿದ ಪರಾಗವನ್ನು ನೆಕ್ಕಿಕೊಂಡರೂ ಬೆಕ್ಕಿನ ಮೂತ್ರಪಿಂಡಗಳು ಎರಡು-ಮೂರು ದಿನಗಳಲ್ಲಿ ಕೆಡಬಹುದು. ಸೈಕಸ್ ಗಿಡದ ಬೀಜ ನಾಯಿಯ ಯಕೃತ್ತಿಗೆ ಮಾರಕ.

ಕಣಗಿಲೆ ಶಿವಪೂಜೆಗೆ ಸಲ್ಲುವ ಹೂವಾದುದರಿಂದ ಅದನ್ನು ಯಾರೂ ಶಂಕಿಸುವುದಿಲ್ಲ. ಆಯುರ್ವೇದವಾದರೋ ಕರವೀರವೆಂಬ ಹೆಸರಿನಿಂದ ಅದನ್ನು ಉಪವಿಷಗಳಲ್ಲಿ ಎಣಿಸಿದೆ. ಎಲೆ, ಹೂ, ತೊಗಟೆ, ಬೇರು ಎಲ್ಲವೂ ಹೃದಯದ ಬಡಿತವನ್ನು ಕೆಡಿಸುತ್ತವೆ. ಒಣಗಿದರೂ ವಿಷ ಇಳಿಯದು. ಆದಕಾರಣ ನಿರ್ಮಾಲ್ಯವನ್ನೂ ಸವರಿದ ಕೊಂಬೆಗಳನ್ನೂ ಅಂಗಳದಲ್ಲಿ ಚೆಲ್ಲದೆ ಆಳವಾಗಿ ಹೂಳಬೇಕು. ಔಷಧಕ್ಕಾಗಿ ಕರವೀರದ ಬೇರನ್ನು ಹಸುವಿನ ಹಾಲಿನಲ್ಲಿ ಬೇಯಿಸಿ ಶೋಧಿಸುವ ವಿಧಿಯುಂಟು. ಅದನ್ನು ಕೇಳಿಬಲ್ಲ ಕೆಲವರು ವಿಷ ತಿಂದ ನಾಯಿಗೆ ಹಾಲು ಕುಡಿಸಲು ಹೊರಡುತ್ತಾರೆ. ಶೋಧನೆ ಬೇರೆ, ಚಿಕಿತ್ಸೆ ಬೇರೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದಂತೂ ಅಪಾಯಕರ.

ಬಾಯಲ್ಲಿ ಉಳಿದ ಎಲೆಯನ್ನು ತೆಗೆದು, ತಿಂದ ಗಿಡದ ರೆಂಬೆಯೊಂದನ್ನು ಜೊತೆಗಿಟ್ಟುಕೊಂಡು ಕೂಡಲೇ ಪಶುವೈದ್ಯರಲ್ಲಿಗೆ ಒಯ್ಯಿರಿ. ಪಶುಚಿಕಿತ್ಸೆಯ ಸಹಾಯವಾಣಿ 1962. ಲಿಲ್ಲಿಯನ್ನು ಕಚ್ಚಿದ ಬೆಕ್ಕು ಮೊದಲ ದಿನ ಚೇತರಿಸಿಕೊಂಡಂತೆ ಕಂಡರೂ ಕಾಯಬಾರದು.