ಪಿಷ್ಟಪಶುವೂ ಕೊಟ್ಟಿಗೆಯ ಪಶುವೂ

ಜ್ಯೇಷ್ಠ ಶುದ್ಧ ಪೌರ್ಣಿಮೆಯನ್ನು ನಮ್ಮ ಗೋಕಾಕ-ಮೂಡಲಗಿಯ ಸೀಮೆಯಲ್ಲಿ ಕಾರಹುಣ್ಣಿವೆಯೆಂದು ಕರೆಯುವರು. ಅಂದು ಎತ್ತುಗಳ ಮೈ ತೊಳೆದು, ಕೊಂಬುಗಳಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆ ಕಟ್ಟಿ, ಮನೆಯಲ್ಲಿ ಮಾಡಿದ ಭಕ್ಷ್ಯವನ್ನು ಮೊದಲು ಅವುಗಳಿಗೆ ತಿನ್ನಿಸುವರು. ಹದಿನೈದು ದಿನಗಳ ಮೇಲೆ ಮಣ್ಣೆತ್ತಿನ ಅಮಾವಾಸ್ಯೆ. ಕುಂಬಾರನ ಮನೆಯಿಂದ ತಂದ ಮಣ್ಣಿನ ಎತ್ತುಗಳಿಗೆ ಪೂಜೆ. ಅದರ ಬೆನ್ನಿಗೇ ಆಷಾಢ ಶುದ್ಧ ಏಕಾದಶಿ, ತಪ್ತಮುದ್ರಾಧಾರಣೆ, ಚಾತುರ್ಮಾಸ್ಯ ವ್ರತಾರಂಭ. ಮೊದಲನೆಯದು ಒಕ್ಕಲುತನದವರದು, ಎರಡನೆಯದು ಹೆಂಗಳೆಯರದು ಮತ್ತು ಮಕ್ಕಳದು, ಮೂರನೆಯದಷ್ಟೇ ವೈದಿಕರಾದ ನಮ್ಮದು ಎಂಬ ಭಾವನೆ ನಮ್ಮವರಲ್ಲಿ ಅನೇಕರಿಗಿದೆ. ಆದರೆ ಚಾತುರ್ಮಾಸ್ಯದಲ್ಲಿ ಯತಿಗಳು ಒಂದೇ ಸ್ಥಳದಲ್ಲಿ ನಿಲ್ಲಬೇಕೆಂಬ ನಿಯಮಕ್ಕೆ ಹಿರಿಯರು ಹೇಳುತ್ತ ಬಂದ ಕಾರಣವೇನು? ಮಳೆಗಾಲದಲ್ಲಿ ನೆಲದ ತುಂಬ ಕ್ರಿಮಿಕೀಟಗಳು ಹುಟ್ಟಿರುತ್ತವೆ, ಹುಲ್ಲು ಮೊಳೆತಿರುತ್ತದೆ, ಸಂಚರಿಸಿದರೆ ಅವು ಕಾಲ್ತುಳಿತಕ್ಕೆ ಸಿಕ್ಕಾವು ಎಂಬುದೇ ಅಲ್ಲವೆ! ಎತ್ತಿಗೆ ಮಾಡಿದ ಉಪಚಾರವೂ, ಹುಳುವನ್ನು ತುಳಿಯದಿರಲೆಂದು ನಿಂತ ಯತಿಗಳ ಪಾದವೂ ಒಂದೇ ಧರ್ಮದ ಎರಡು ರೂಪಗಳು.

ಗೃಹಸ್ಥನು ಹಾಗೆ ಒಂದೆಡೆ ನಿಲ್ಲಲಾರನು. ಆದುದರಿಂದ ಅವನಿಗೆ ಬೇರೆ ವಿಧಾನವನ್ನು ಹೇಳಿದೆ. ಒಲೆ, ಬೀಸುವ ಕಲ್ಲು, ಕಸಬರಿಗೆ, ಒರಳು-ಒನಕೆ, ನೀರಿನ ಕೊಡ, ಈ ಐದನ್ನು ಮನುಸ್ಮೃತಿಯ ಮೂರನೆಯ ಅಧ್ಯಾಯವು ‘ಪಂಚಸೂನಾ’ ಎಂದು ಕರೆದಿದೆ. ಸೂನಾ ಎಂದರೆ ವಧಾಸ್ಥಾನ. ಶುಚಿಯಾಗಿ ಮಡಿಯುಟ್ಟು ಅಡಿಗೆ ಮಾಡುವ ಮನೆಯಲ್ಲಿಯೇ ಐದು ವಧಾಸ್ಥಾನಗಳಿವೆಯೆಂದು ಶಾಸ್ತ್ರವು ನಿರ್ದಾಕ್ಷಿಣ್ಯವಾಗಿ ಹೇಳುತ್ತದೆ. ತಿಳಿಯದೆ ನಡೆಯುವ ಈ ಹಿಂಸೆಯ ಪರಿಹಾರಕ್ಕಾಗಿ ಪಂಚಮಹಾಯಜ್ಞಗಳು. ಅವುಗಳಲ್ಲಿ ಒಂದಾದ ಭೂತಯಜ್ಞದಲ್ಲಿ ನಾಯಿ, ಕಾಗೆ, ಕ್ರಿಮಿ ಮೊದಲಾದವುಗಳಿಗೆ ಅನ್ನವನ್ನು ಇಡಬೇಕು. ಎಸೆಯಬಾರದು, ಮೆಲ್ಲನೆ ನೆಲದ ಮೇಲೆ ಇಡಬೇಕೆಂದೂ ಅಲ್ಲಿಯೇ ಹೇಳಿದೆ. ಆ ‘ಮೆಲ್ಲನೆ’ ಎಂಬ ಒಂದು ಮಾತಿನಲ್ಲಿ ಎಷ್ಟು ಮರ್ಯಾದೆಯಿದೆ! ಅತಿಥಿಗೆ ಬಡಿಸುವಂತೆ ಕಾಗೆಗೂ ಬಡಿಸತಕ್ಕದ್ದು. ಈಗ ಬೀಸುವ ಕಲ್ಲು ಮೂಲೆ ಸೇರಿದೆ, ಒನಕೆಯನ್ನು ಮದುವೆಯ ಶಾಸ್ತ್ರಕ್ಕಷ್ಟೇ ಹುಡುಕುವೆವು. ಹಿಂಸೆಯೇನೂ ಕಡಿಮೆಯಾಗಲಿಲ್ಲ; ಟ್ರ್ಯಾಕ್ಟರು, ಮೋಟಾರು, ಬೆಳೆಗೆ ಹೊಡೆಯುವ ಎಣ್ಣೆ ಇವೆಲ್ಲ ಸೂನೆಗಳ ಪಟ್ಟಿಯಲ್ಲಿ ಸೇರಿಕೊಂಡಿವೆ. ವೈಶ್ವದೇವ ಮಾತ್ರ ಬಿಟ್ಟುಹೋಯಿತು.

ಇನ್ನು ತತ್ತ್ವವಿಚಾರ. ಸಕಲ ಜೀವಿಗಳೂ ಒಂದೇ ಆದುದರಿಂದ ಅವುಗಳನ್ನು ಹಿಂಸಿಸಬಾರದೆಂದು ಕೆಲವರು ಪ್ರವಚನ ಮಾಡುವುದುಂಟು. ಪಂಚಭೇದವನ್ನು ಒಪ್ಪುವ ನಮ್ಮ ಸಿದ್ಧಾಂತದಲ್ಲಿ ಆ ಮಾತಿಗೆ ಎಡೆಯಿಲ್ಲ. ಎತ್ತಿನ ಜೀವ ಬೇರೆ, ನನ್ನ ಜೀವ ಬೇರೆ. ಅದರ ನೋವು ಅದರದೇ, ನನ್ನದಲ್ಲ. ಬೇರೆಯಾಗಿರುವುದರಿಂದಲೇ ದಯೆಯೆಂಬುದಕ್ಕೆ ಅರ್ಥವಿದೆ; ತನ್ನ ಮೇಲೆ ತಾನೇ ದಯೆ ತೋರುವುದು ದೊಡ್ಡ ಗುಣವೇನಲ್ಲ. ಗೀತೆಯ ಐದನೆಯ ಅಧ್ಯಾಯದಲ್ಲಿ ಬ್ರಾಹ್ಮಣ, ಗೋವು, ಆನೆ, ನಾಯಿ ಮೊದಲಾದವುಗಳಲ್ಲಿ ಪಂಡಿತರು ಸಮದರ್ಶಿಗಳೆಂದು ಹೇಳಿರುವುದಕ್ಕೆ, ಆ ಜೀವರೆಲ್ಲ ಸಮಾನರೆಂಬ ಅರ್ಥವನ್ನು ಶ್ರೀಮದಾಚಾರ್ಯರು ಒಪ್ಪಲಿಲ್ಲ. ಅವೆಲ್ಲವುಗಳೊಳಗೆ ನಿಂತಿರುವ ಪರಮಾತ್ಮನು ಸಮನು, ಆನೆಯಲ್ಲಿ ಹೆಚ್ಚಲ್ಲ, ನಾಯಿಯಲ್ಲಿ ಕಡಿಮೆಯಲ್ಲ ಎಂಬುದೇ ತಾತ್ಪರ್ಯ. ತಾರತಮ್ಯವನ್ನು ತಿಳಿದವನು ಇನ್ನೂ ಒಂದು ಹೆಜ್ಜೆ ಮುಂದೆ ಯೋಚಿಸಬೇಕು. ಪಶುದೇಹವು ಪ್ರಾರಬ್ಧದಿಂದ ಬಂದುದು, ಜೀವಸ್ವರೂಪವಲ್ಲ. ಮಡುವಿನಲ್ಲಿ ಮೊಸಳೆಯ ಬಾಯಿಗೆ ಸಿಕ್ಕ ಗಜೇಂದ್ರನು ಹಿಂದೆ ಇಂದ್ರದ್ಯುಮ್ನನೆಂಬ ಹರಿಭಕ್ತ ರಾಜನಾಗಿದ್ದನು. ನಮ್ಮ ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತಿರುವ ಜೀವವು ಸ್ವರೂಪಯೋಗ್ಯತೆಯಲ್ಲಿ ನಮಗಿಂತ ಮೇಲಿನದಲ್ಲವೆಂದು ಯಾರು ಹೇಳಬಲ್ಲರು?

ಪ್ರತಿಯೊಂದು ಜೀವದಲ್ಲಿಯೂ ಮುಖ್ಯಪ್ರಾಣದೇವರು ಶ್ವಾಸರೂಪದಿಂದ ಹಗಲಿರುಳು ೨೧,೬೦೦ ಹಂಸಮಂತ್ರದ ಜಪವನ್ನು ನಡೆಸುತ್ತಿದ್ದಾರೆಂಬುದನ್ನು ನಾವು ಬಾಲ್ಯದಿಂದಲೇ ಕೇಳಿದ್ದೇವೆ. ಎತ್ತಿನ ಉಸಿರಿನ ಎಣಿಕೆ ಮನುಷ್ಯನದರಂತೆ ಇರಲಿಕ್ಕಿಲ್ಲ. ಒಳಗೆ ಜಪ ನಡೆದಿರುವುದರಲ್ಲಿ ಮಾತ್ರ ಸಂಶಯವಿಲ್ಲ. ಬಾರುಕೋಲು ಎತ್ತುವ ಕೈ ಇದನ್ನು ನೆನೆಯಬೇಕು.

ಈ ತತ್ತ್ವವು ಆಚರಣೆಗೆ ಇಳಿದುದಕ್ಕೆ ದೊಡ್ಡ ನಿದರ್ಶನವೇ ಪಿಷ್ಟಪಶು. ಯಜ್ಞದಲ್ಲಿ ಸಜೀವ ಪಶುವಿನ ಬದಲಾಗಿ ಹಿಟ್ಟಿನಿಂದ ಮಾಡಿದ ಪಶುವನ್ನು ಅರ್ಪಿಸುವ ಪದ್ಧತಿಯು ಶ್ರೀಮದಾಚಾರ್ಯರ (೧೨೩೮–೧೩೧೭) ಸಂಪ್ರದಾಯದ ಹೆಗ್ಗುರುತು. ಇದಕ್ಕೆ ಆಧಾರವಾಗಿ ಹಿರಿಯರು ಮಹಾಭಾರತದ ಶಾಂತಿಪರ್ವದ ನಾರಾಯಣೀಯ ಭಾಗದಲ್ಲಿರುವ ಉಪರಿಚರ ವಸುವಿನ ಕಥೆಯನ್ನು ಹೇಳುವರು. ‘ಅಜ’ದಿಂದ ಯಜ್ಞ ಮಾಡಬೇಕೆಂಬ ವಿಧಿಯಲ್ಲಿ ಅಜವೆಂದರೆ ಆಡು ಎಂದು ದೇವತೆಗಳು, ಧಾನ್ಯಬೀಜವೆಂದು ಋಷಿಗಳು. ಆಗ ಆಕಾಶಮಾರ್ಗದಲ್ಲಿ ಬಂದ ವಸುರಾಜನನ್ನು ತೀರ್ಪು ಕೇಳಿದರು. ಅವನು ಸಾಮಾನ್ಯನಲ್ಲ, ಮಹಾ ಹರಿಭಕ್ತ; ಅವನ ಅಶ್ವಮೇಧದಲ್ಲಿಯೇ ಒಂದು ಪಶುವೂ ಸತ್ತಿರಲಿಲ್ಲ. ಅಂಥವನು ಅರ್ಥವೇನೆಂದು ವಿಚಾರಿಸದೆ, ಯಾರ ಪಕ್ಷ ಯಾವುದೆಂದು ಕೇಳಿಕೊಂಡು ದೇವತೆಗಳ ಕಡೆಗೆ ನುಡಿದನು. ಋಷಿಗಳ ಶಾಪದಿಂದ ಭೂವಿವರಕ್ಕೆ ಬಿದ್ದನು. ಅಲ್ಲಿಯೂ ಬಿಡದೆ ಹರಿಯನ್ನು ಆರಾಧಿಸಿದ ಕಾರಣ ಗರುಡನಿಂದ ಎತ್ತಲ್ಪಟ್ಟನು. ಅರಿತವನೇ ಪಕ್ಷಪಾತದಿಂದ ಪಶುವಿನ ವಿರುದ್ಧ ಮಾತನಾಡಿದರೆ ಆಗುವ ಪತನ ಇದು. ಕರ್ನಾಟಕದಲ್ಲಿ ಪ್ರಾಣಿಬಲಿಯನ್ನು ೧೯೫೯ರ ಕಾನೂನು ನಿಷೇಧಿಸಿದೆ. ಜಾತ್ರೆಗಳಲ್ಲಿ ಅದು ಎಷ್ಟರಮಟ್ಟಿಗೆ ನಡೆದಿದೆಯೆಂಬುದು ಬೇರೆ ಮಾತು. ನಮಗೆ ಆ ಕಾನೂನಿನ ಭಯವಿಲ್ಲ. ನಮ್ಮಲ್ಲಿ ಬಲಿಯಿಲ್ಲವೆಂಬ ಹೆಮ್ಮೆಯಿದೆ. ಆ ಹೆಮ್ಮೆ ಪೂರ್ತಿ ನ್ಯಾಯವಾದುದಲ್ಲವೆಂದು ನನಗೆ ತಿಳಿದುದು ಹೀಗೆ.

ಹದಿನಾಲ್ಕು ವರ್ಷಗಳ ಹಿಂದೆ ಬಿ. ಎ. ಮುಗಿಸಿ ಮನೆಗೆ ಬಂದಿದ್ದೆನು. ನಮ್ಮ ಹೊಲಕ್ಕೆ ಬಾಡಿಗೆಯ ಟ್ರ್ಯಾಕ್ಟರು ಬರತೊಡಗಿತ್ತು. ಕೊಟ್ಟಿಗೆಯಲ್ಲಿ ಹನ್ನೆರಡು ವರ್ಷ ದುಡಿದ ಎತ್ತೊಂದು ಕಾಲು ಸೋತು ನಿಂತಿತ್ತು. ಮೇವಿನ ಖರ್ಚಿನ ಲೆಕ್ಕ ಹಾಕಿದವನು ನಾನೇ. ತೀರ್ಥರೂಪರು ಪೌರೋಹಿತ್ಯಕ್ಕೆಂದು ಪರಸ್ಥಳಕ್ಕೆ ಹೋಗಿದ್ದ ದಿನ ಅದನ್ನು ಸಂತೆಗೆ ಹೊಡೆದುಕೊಂಡು ಹೋಗಿ ಮಾರಿ ಬಂದೆನು. ಕೊಂಡವನು ಉಳುವವನಲ್ಲವೆಂಬುದು ನನಗೆ ಗೊತ್ತಿತ್ತು, ಕೇಳದೆ ಇದ್ದೆನು. ಸಂಜೆ ಬಂದ ತೀರ್ಥರೂಪರು ಬರಿದಾದ ಗೋದಲಿಯನ್ನು ನೋಡಿ, ಬಹಳ ಹೊತ್ತು ಸುಮ್ಮನಿದ್ದು, “ಏನಪಾ, ಅದರ ಮೈಯಾಗ ಮುಖ್ಯಪ್ರಾಣದೇವರು ಜಪಾ ಮಾಡ್ಲಿಕತ್ತಿದ್ರಲ್ಲೋ. ಅದಕ್ಕ ಎಷ್ಟು ರೊಕ್ಕಾ ಹಿಡಿದ್ಯೋ?” ಎಂದರು. ಆ ರಾತ್ರಿ ಅವರು ಫಲಾಹಾರವನ್ನೂ ಮಾಡಲಿಲ್ಲ. ಮರುದಿನ ನಾನು ರೊಕ್ಕ ತೆಗೆದುಕೊಂಡು ಹುಡುಕುತ್ತ ಹೋದೆನು, ಎತ್ತು ಸಿಗಲಿಲ್ಲ. ಹಿಟ್ಟಿನ ಪಶುವಿನ ಮಹಿಮೆಯನ್ನು ಪಾಠಶಾಲೆಯಲ್ಲಿ ಕಲಿತವನು ಜೀವದ ಪಶುವನ್ನು ಎಲ್ಲಿಗೆ ಕಳಿಸಿದನು! ವಸುರಾಜನು ದೇವತೆಗಳ ಪಕ್ಷ ಹಿಡಿದನು. ನಾನು ಹಿಡಿದುದು ಮೇವಿನ ಲೆಕ್ಕದ ಪಕ್ಷ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಭಾಗವತದ ಪಂಚಮಸ್ಕಂಧದಲ್ಲಿ ಭರತರಾಜನು ಜಿಂಕೆಯ ಮರಿಯನ್ನು ಸಾಕಿ, ಅದರ ಮೋಹದಿಂದ ಜಿಂಕೆಯಾಗಿಯೇ ಹುಟ್ಟಿದನಲ್ಲ, ಪಶುಗಳ ಮೇಲಿನ ಪ್ರೀತಿ ಬಂಧಕವಲ್ಲವೆ? ಕಥೆಯನ್ನು ಗಮನಿಸಿ ಓದಬೇಕು. ನೀರಿಗೆ ಬಿದ್ದ ಅನಾಥ ಮರಿಯನ್ನು ಎತ್ತಿಕೊಂಡುದು ಅವನ ದೋಷವಲ್ಲ. ಅದರ ಚಿಂತೆಯಲ್ಲಿ ದಿನದಿನಕ್ಕೆ ಹರಿಪೂಜೆಯೂ ನಿಯಮಗಳೂ ಜಾರಿಹೋದುದು ದೋಷ. ಹರಿಯ ಸನ್ನಿಧಾನವಿದೆಯೆಂಬ ಅನುಸಂಧಾನದಿಂದ ಹುಲ್ಲು ಹಾಕಿದರೆ ಅದೇ ಪೂಜೆ. ‘ನನ್ನ ಮರಿ’ ಎಂದು ಹಾಕಿದರೆ ಮೋಹ. ಸಪ್ತಮಸ್ಕಂಧದ ಹದಿನಾಲ್ಕನೆಯ ಅಧ್ಯಾಯದಲ್ಲಿ ನಾರದರು ಧರ್ಮರಾಜನಿಗೆ ಗೃಹಸ್ಥಧರ್ಮವನ್ನು ಉಪದೇಶಿಸುತ್ತ, ಜಿಂಕೆ, ಒಂಟೆ, ಕತ್ತೆ, ಮಂಗ, ಇಲಿ, ಹಾವು, ಹಕ್ಕಿ, ನೊಣ ಇವುಗಳನ್ನು ಮಕ್ಕಳಂತೆ ಕಾಣಬೇಕೆಂದಿರುವರು. ಪಟ್ಟಿಯಲ್ಲಿ ಆಕಳ ಹೆಸರಿಲ್ಲ. ಉಪಯೋಗಕ್ಕೆ ಬಾರದವುಗಳ, ಬೆಳೆ ತಿಂದು ಹೋಗುವವುಗಳ ಹೆಸರುಗಳೇ ಹೆಚ್ಚಾಗಿವೆ.

ಬೆಳೆಯ ಮಾತು ಬಂದುದರಿಂದ ನಮ್ಮ ಸೀಮೆಯ ಕಬ್ಬಿನ ವಿಷಯವನ್ನು ಹೇಳದಿರಲಾಗದು. ಕಬ್ಬು ಕಡಿದ ಮೇಲೆ ರವದಿಗೆ ಬೆಂಕಿ ಹಚ್ಚುವ ರೂಢಿ ಬಹಳವಾಗಿದೆ. ಬೆಂಕಿ ನಾಲ್ಕೂ ಕಡೆಯಿಂದ ಏಳುವಾಗ ಒಳಗಿದ್ದ ಮೊಲ, ಹಾವು, ಗೌಜಲಹಕ್ಕಿಯ ತತ್ತಿಗಳು, ಮೇಲ್ಮಣ್ಣಿನ ಹುಳುಗಳು ಎಲ್ಲವೂ ಆಹುತಿ. ಕೃಷ್ಣಾರ್ಜುನರು ಖಾಂಡವವನವನ್ನು ಸುಡಲಿಲ್ಲವೆ ಎಂದು ಒಬ್ಬ ಬಂಧುಗಳು ನನ್ನನ್ನು ಕೇಳಿದರು, ಅರ್ಧ ವಿನೋದದಿಂದ. ಈಶ್ವರರ ಆಚರಣೆಯನ್ನು ನಾವು ಅನುಕರಿಸತಕ್ಕದ್ದಲ್ಲ, ರುದ್ರದೇವರು ವಿಷ ಕುಡಿದರೆಂದು ನಾವು ಕುಡಿಯಲಾದೀತೆ ಎಂದು ಶುಕಾಚಾರ್ಯರೇ ಪರೀಕ್ಷಿತನಿಗೆ ಹೇಳಿರುವರು. ಇದು ಶಾಸ್ತ್ರದ ಉತ್ತರ. ಒಕ್ಕಲುತನದ ಉತ್ತರವೂ ಇದೆ: ರವದಿಯನ್ನು ಸಾಲುಗಳಲ್ಲಿ ಹರಡಿದರೆ ನೆಲದ ತೇವ ಉಳಿಯುವುದು, ಕಳೆ ಅಡಗುವುದು, ಕೊಳೆತು ಗೊಬ್ಬರವಾಗುವುದು. ನಮ್ಮ ತುಕ್ಕಾನಟ್ಟಿಯಲ್ಲಿಯೇ ಕೃಷಿ ವಿಜ್ಞಾನ ಕೇಂದ್ರವಿದೆ. ಹೊಲವಿದ್ದವರು ಅಲ್ಲಿ ಹೋಗಿ ವಿಚಾರಿಸಬಹುದು. ಹೊಲವನ್ನು ಪಾಲಿಗೆ ಕೊಟ್ಟವರೂ ‘ಸುಡುವವನು ಅವನು’ ಎಂದು ಕೈ ತೊಳೆದುಕೊಳ್ಳಲಾಗದು. ಮಾಡಿಸಿದವನಿಗೂ ಒಪ್ಪಿದವನಿಗೂ ಫಲದಲ್ಲಿ ಪಾಲುಂಟು.

ಘಟಪ್ರಭೆಯ ವಿಷಯದಲ್ಲಿಯೂ ಹೀಗೆಯೇ. ಧೂಪದಾಳದ ಹಿನ್ನೀರಿನ ಸುತ್ತಲಿನ ಪ್ರದೇಶವು ೧೯೭೪ರಲ್ಲಿ ಪಕ್ಷಿಧಾಮವೆನಿಸಿತು. ಚಳಿಗಾಲದಲ್ಲಿ ದೂರದೇಶಗಳ ಕೊಕ್ಕರೆಗಳು ಅಲ್ಲಿಗೆ ಬರುವವು. ಅದೇ ನದಿಗೆ ನಾವು ದೇವರ ನಿರ್ಮಾಲ್ಯವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಡುವೆವು. ತುಳಸಿಯೂ ಹೂವೂ ನೀರಿನಲ್ಲಿ ಕರಗುವವು, ಚೀಲ ಕರಗದು. ಗಿಡದ ಬುಡಕ್ಕೆ ಹಾಕಿದರೂ ನಿರ್ಮಾಲ್ಯಕ್ಕೆ ಅಗೌರವವಿಲ್ಲ. ಹಬ್ಬದ ಮರುದಿನ ಉಳಿದ ಅನ್ನವನ್ನು ಚೀಲದೊಡನೆ ಬೀದಿಗೆ ಎಸೆದು, ಆಕಳು ತಿಂದಿತೆಂದು ಸಮಾಧಾನಪಡುವವರೂ ಇದ್ದಾರೆ. ಅದು ಗೋಗ್ರಾಸವಲ್ಲ, ಅನ್ನದೊಡನೆ ಹೊಟ್ಟೆಗೆ ಹೋದ ಚೀಲವು ಆ ಆಕಳನ್ನು ಕೊಲ್ಲಬಲ್ಲದು.

ಆಕಳಿಲ್ಲದ ಮನೆಯವರು ಗೋಗ್ರಾಸವನ್ನು ಹೇಗೆ ನಡೆಸಬೇಕೆಂದು ಕೇಳುವುದುಂಟು. ನೈವೇದ್ಯವಾದ ಮೇಲೆ, ಮನೆಯವರು ಎಲೆಗೆ ಕೂಡುವ ಮೊದಲು ಒಂದು ತುತ್ತನ್ನು ಬಾಳೆಯ ಅಥವಾ ಮುತ್ತಲದ ಎಲೆಯಲ್ಲಿ ತೆಗೆದಿರಿಸಿ ನೆರೆಯವರ ಆಕಳಿಗೆ ಕೊಡಬಹುದು. ಕಾಗೆಗೆ, ನಾಯಿಗೆ, ಇರುವೆಗೆ ಒಂದೊಂದು ಚಿಟಿಕೆ ಅನ್ನ ಹೊರಗೆ ನೆಲದ ಮೇಲೆ ಇಡಬೇಕು. ಬೇಸಿಗೆಯಲ್ಲಿ ಒಂದು ಮಣ್ಣಿನ ಪರಿಯಾಣದಲ್ಲಿ ನೀರು. ಮಕ್ಕಳ ಕೈಯಿಂದ ಮಾಡಿಸಿದರೆ ಅವರಿಗೆ ಅಭ್ಯಾಸವಾಗುವುದು.

ನಮ್ಮ ಮನೆಯಿಂದ ಆಮೇಲೆ ಯಾವ ದನವೂ ಸಂತೆಗೆ ಹೋಗಿಲ್ಲ. ಈಗ ಹಾಲು ಬತ್ತಿದ ಆಕಳೊಂದು, ಕಣ್ಣು ಮಂಜಾದ ಎತ್ತೊಂದು ಇವೆ. ಕಣಿಕೆಯ ಬೆಲೆ ವರ್ಷ ವರ್ಷ ಏರುತ್ತಿರುವುದು ನಿಜ, ಕಷ್ಟವಿಲ್ಲವೆಂದು ಹೇಳಲಾರೆ. ತೀರ್ಥರೂಪರು ಆ ಖರ್ಚನ್ನು ಮನೆಯ ಲೆಕ್ಕದ ಪುಸ್ತಕದಲ್ಲಿ ಹೊಲದ ಬಾಬಿಗೆ ಬರೆಯಗೊಡುವುದಿಲ್ಲ, ದೇವರ ನೈವೇದ್ಯದ ಬಾಬಿಗೆ ಬರೆಯಿಸುವರು.

|| ಶ್ರೀಕೃಷ್ಣಾರ್ಪಣಮಸ್ತು ||