ಔಷಧಿಯ ದರ್ಶನವೂ ಧ್ಯಾನದ ನೆಲೆಯೂ

ಹೊಲಕ್ಕೆ ಎಲ್ಲೆಯುಂಟು, ಕೆರೆಗೆ ಏರಿಯುಂಟು, ಧಾನ್ಯಕ್ಕೆ ಕೊಳಗವುಂಟು. ಇವೆಲ್ಲವನ್ನೂ ಅಳೆದು ಲೆಕ್ಕವಿಡುವ ಮನುಷ್ಯನು ತನ್ನ ಮನಸ್ಸಿನ ಎಲ್ಲೆಯನ್ನು ಮಾತ್ರ ಇನ್ನೂ ಕಂಡವನಲ್ಲ. ಎಚ್ಚರ, ಕನಸು, ಗಾಢನಿದ್ರೆ ಎಂಬ ಮೂರು ಅವಸ್ಥೆಗಳನ್ನು ಪ್ರತಿದಿನವೂ ದಾಟುತ್ತಿದ್ದರೂ ಅವುಗಳಿಗೆ ಸಾಕ್ಷಿಯಾದ ಅರಿವು ಯಾವುದೆಂದು ವಿಚಾರಿಸುವವರು ವಿರಳ. ಆ ಅರಿವನ್ನು ಅರಸಿ ಹೊರಟವರು ಎರಡು ದಾರಿಗಳನ್ನು ಹಿಡಿದುದುಂಟು. ಒಂದು ಧ್ಯಾನದ ದಾರಿ. ಮತ್ತೊಂದು ಮೂಲಿಕೆ, ಅಣಬೆ, ರಸಾಯನಗಳ ದಾರಿ. ಇವೆರಡನ್ನೂ ಪಕ್ಷಪಾತವಿಲ್ಲದೆ ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಇಲ್ಲಿ ಭಕ್ತನಾದವನಿಗೆ ಒಂದು ಕಠಿಣವಾದ ಪ್ರಶ್ನೆ ಎದುರಾಗುವುದು. ವರ್ಷಗಟ್ಟಲೆ ಜಪತಪಗಳಿಂದ ದೊರೆಯುವುದೆಂದು ಹಿರಿಯರು ಹೇಳಿದ ಅನುಭವವು ಒಂದು ಸಣ್ಣ ಗುಳಿಗೆಯಿಂದ ಅರ್ಧ ದಿನದಲ್ಲಿಯೇ ದೊರೆಯುವುದಾದರೆ ಪೂಜೆ, ವ್ರತ, ಭಜನೆಗಳಿಗೆ ಅರ್ಥವೇನು? ಪಟ್ಟಣಕ್ಕೆ ಓದಲು ಹೋದ ಮಕ್ಕಳು ಈ ಮಾತನ್ನು ಕೇಳಿದರೆ ಗದರಿಸಿ ಬಾಯಿ ಮುಚ್ಚಿಸುವುದು ಉತ್ತರವಲ್ಲ. ವಿಷಯವನ್ನು ತಿಳಿದು ಸಮಾಧಾನ ಹೇಳಬೇಕು.

ಪ್ರಾಚೀನರು ಬಲ್ಲ ವಿಷಯ

ಈ ವಿಚಾರವು ಹೊಸದೇನೂ ಅಲ್ಲ. ಋಗ್ವೇದದ ಒಂಬತ್ತನೆಯ ಮಂಡಲದ 114 ಸೂಕ್ತಗಳು ಸೋಮನ ಸ್ತುತಿಗೇ ಮೀಸಲಾಗಿವೆ. ಆ ಸೋಮವು ಯಾವ ಸಸ್ಯವೆಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಇಂದಿಗೂ ಒಮ್ಮತವಿಲ್ಲ. ಬೈರಾಗಿಗಳು ಭಂಗಿಯನ್ನು ಸೇವಿಸುವುದನ್ನು ಹಳ್ಳಿಯ ಜನರೂ ಕಂಡಿದ್ದಾರೆ. ಪತಂಜಲಿ ಮಹರ್ಷಿಗಳು ಯೋಗಸೂತ್ರದ ನಾಲ್ಕನೆಯ ಪಾದದ ಮೊದಲಿನಲ್ಲಿಯೇ ಸಿದ್ಧಿಗಳು ಬರುವ ಐದು ಮೂಲಗಳನ್ನು ಹೇಳುವಾಗ ಜನ್ಮ, ಮಂತ್ರ, ತಪಸ್ಸು, ಸಮಾಧಿಗಳೊಂದಿಗೆ ಔಷಧಿಯನ್ನೂ ಸೇರಿಸಿದ್ದಾರೆ. ಆದರೆ ಅದೇ ಗ್ರಂಥದ ಮೂರನೆಯ ಪಾದದಲ್ಲಿ ಇಂತಹ ಸಿದ್ಧಿಗಳು ಸಮಾಧಿಗೆ ವಿಘ್ನಗಳೆಂದು ಎಚ್ಚರಿಸಿದ್ದಾರೆ. ಔಷಧಿಯಿಂದ ಏನೂ ಆಗದೆಂದು ಅವರು ಹೇಳಲಿಲ್ಲ. ಆದುದೆಲ್ಲವೂ ಗುರಿಯಲ್ಲವೆಂದು ಹೇಳಿದರು. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಸಂಗತಿಗಳು ಸುಲಭವಾಗಿ ತಿಳಿಯುವುವು.

ಪ್ರಯೋಗಶಾಲೆಯ ಔಷಧಿ

ರೈ ಎಂಬ ಧಾನ್ಯದ ತೆನೆಗೆ ಎರ್ಗಟ್ ಎಂಬ ಬೂಷ್ಟು ರೋಗ ತಗಲುತ್ತದೆ. ಸಜ್ಜೆಯ ತೆನೆಗೂ ಇದೇ ಕುಲದ ರೋಗ ಬರುವುದನ್ನು ರೈತರು ಬಲ್ಲರು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಸ್ಯಾಂಡೋಜ್ ಕಂಪೆನಿಯ ರಸಾಯನಶಾಸ್ತ್ರಜ್ಞರಾದ ಆಲ್ಬರ್ಟ್ ಹಾಫ್‌ಮನ್‌ರು ಈ ಬೂಷ್ಟಿನ ಸಾರದಿಂದ 1938ರಲ್ಲಿ ಎಲ್.ಎಸ್.ಡಿ. ಎಂಬ ವಸ್ತುವನ್ನು ಸಿದ್ಧಪಡಿಸಿದರು. ಅದರ ಗುಣವು ತಿಳಿದುದು ಐದು ವರ್ಷಗಳ ಅನಂತರ. 1943ನೆಯ ಇಸವಿ ಏಪ್ರಿಲ್ 19ರಂದು ಅವರು 250 ಮೈಕ್ರೋಗ್ರಾಂ, ಎಂದರೆ ಒಂದು ಗ್ರಾಮಿನ ನಾಲ್ಕು ಸಾವಿರದಲ್ಲಿ ಒಂದು ಭಾಗವನ್ನು, ತಾವೇ ಸೇವಿಸಿ ಸೈಕಲ್ಲಿನಲ್ಲಿ ಮನೆಗೆ ಹೊರಟರು. ಮನೆಯ ವಸ್ತುಗಳು ಭಯಂಕರ ರೂಪ ತಾಳಿದುವು. ಹಾಲು ತಂದುಕೊಟ್ಟ ನೆರೆಮನೆಯಾಕೆ ಮಾಟಗಾತಿಯಂತೆ ಕಂಡಳು. ತಮಗೆ ಹುಚ್ಚೇ ಹಿಡಿಯಿತೆಂದು ಅವರು ನಡುಗಿದರು. ಮರುದಿನ ಬೆಳಗ್ಗೆ ತೋಟದಲ್ಲಿ ನಿಂತಾಗ ಜಗತ್ತು ಆಗತಾನೆ ಹುಟ್ಟಿದಂತೆ ಹೊಸದಾಗಿ ತೋರಿತು. ಒಂದೇ ವಸ್ತುವಿನಿಂದ ನರಕವೂ ಸ್ವರ್ಗವೂ ಒಂದೇ ದಿನದೊಳಗೆ ಕಂಡುದು ಗಮನಾರ್ಹ. ಇಂತಹ ವಸ್ತುಗಳಿಗೆ ‘ಮನಸ್ಸನ್ನು ಪ್ರಕಟಗೊಳಿಸುವುದು’ ಎಂಬ ಅರ್ಥದಲ್ಲಿ ಸೈಕೆಡೆಲಿಕ್ ಎಂಬ ಹೆಸರು ಬಂದಿತು. ಪ್ರಕಟವಾಗುವುದು ಮನಸ್ಸೇ ಆದುದರಿಂದ ಅದರಲ್ಲಿರುವ ಭಯವೂ ಪ್ರಕಟವಾಗುವುದು ಸಹಜ.

ಮೆಕ್ಸಿಕೋ ದೇಶದ ಅಣಬೆ

ಮೆಕ್ಸಿಕೋ ದೇಶದ ಓಹಾಕಾ ಪ್ರಾಂತದ ಬೆಟ್ಟಗಳಲ್ಲಿ ಮಸಾಟೆಕ್ ಎಂಬ ಜನರು ಕೆಲವು ಅಣಬೆಗಳನ್ನು ಪವಿತ್ರವೆಂದು ಭಾವಿಸಿ, ರಾತ್ರಿಯ ವೇಳೆ ಪ್ರಾರ್ಥನೆ, ಗಾಯನಗಳೊಂದಿಗೆ ಸೇವಿಸುವ ಪದ್ಧತಿಯುಂಟು. ಅಲ್ಲಿನ ಮರಿಯಾ ಸಬೀನಾ ಎಂಬ ಬಡ ವೃದ್ಧೆಯು ರೋಗಿಗಳನ್ನು ಗುಣಪಡಿಸುವುದಕ್ಕಾಗಿ ಈ ವಿಧಿಯನ್ನು ನಡೆಸುತ್ತಿದ್ದಳು. ಅಮೆರಿಕದ ಬ್ಯಾಂಕ್ ಅಧಿಕಾರಿ ಗಾರ್ಡನ್ ವಾಸನ್‌ರು 1955ರಲ್ಲಿ ಆಕೆಯ ಮನೆಯಲ್ಲಿ ಇದರಲ್ಲಿ ಭಾಗವಹಿಸಿ, 1957ರಲ್ಲಿ ಪತ್ರಿಕೆಯಲ್ಲಿ ಬರೆದರು. ಅಣಬೆಯ ಸಾರವಾದ ಸಿಲೋಸೈಬಿನ್ ಎಂಬ ವಸ್ತುವನ್ನು ಹಾಫ್‌ಮನ್‌ರೇ 1958ರಲ್ಲಿ ಬೇರ್ಪಡಿಸಿದರು. ಆ ಬಳಿಕ ಆ ಹಳ್ಳಿಗೆ ಪರದೇಶದ ತರುಣರು ತಂಡತಂಡವಾಗಿ ಬಂದರು. ರೋಗವಿಲ್ಲದವರು, ನಿಯಮ ತಿಳಿಯದವರು ಕೌತುಕಕ್ಕಾಗಿ ಅಣಬೆ ತಿಂದರು. ಆ ವೃದ್ಧೆಯ ಮೇಲೆ ಊರವರು ಮುನಿದರು. ಆಕೆಯ ಮನೆಯನ್ನು ಸುಟ್ಟರು. ಪರಕೀಯರು ಬಂದ ಮೇಲೆ ಅಣಬೆಗಳು ತಮ್ಮ ಶಕ್ತಿಯನ್ನು ಕಳೆದುಕೊಂಡುವೆಂದು ಆಕೆ ಕೊನೆಗಾಲದಲ್ಲಿ ದುಃಖಿಸಿದಳು. ವಿಧಿಯನ್ನು ಬಿಟ್ಟು ವಸ್ತುವನ್ನು ಮಾತ್ರ ಕಿತ್ತುಕೊಂಡರೆ ಏನಾಗುವುದೆಂಬುದಕ್ಕೆ ಇದೊಂದು ನಿದರ್ಶನ.

ಬೋಸ್ಟನ್ನಿನ ಪ್ರಾರ್ಥನಾಮಂದಿರದಲ್ಲಿ

1962ನೆಯ ಇಸವಿ ಏಪ್ರಿಲ್ 20, ಕ್ರೈಸ್ತರ ಶುಭ ಶುಕ್ರವಾರ. ಬೋಸ್ಟನ್ ವಿಶ್ವವಿದ್ಯಾನಿಲಯದ ಪ್ರಾರ್ಥನಾಮಂದಿರದಲ್ಲಿ ವಾಲ್ಟರ್ ಪಾಂಕೆ ಎಂಬ ವೈದ್ಯರು ಧರ್ಮಶಾಸ್ತ್ರದ 20 ಮಂದಿ ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗವನ್ನು ನಡೆಸಿದರು. ಹತ್ತು ಮಂದಿಗೆ ಸಿಲೋಸೈಬಿನ್, ಉಳಿದ ಹತ್ತು ಮಂದಿಗೆ ಮುಖ ಬಿಸಿಯಾಗಿ ಕೆಂಪೇರಿಸುವ ಒಂದು ಸಾಧಾರಣ ಜೀವಸತ್ವ. ಯಾರಿಗೆ ಯಾವುದು ಕೊಡಲ್ಪಟ್ಟಿತೆಂದು ಹೇಳಿರಲಿಲ್ಲ. ಔಷಧಿ ಸೇವಿಸಿದವರಲ್ಲಿ ಬಹುಮಂದಿ, ಸಂತರ ಚರಿತ್ರೆಗಳಲ್ಲಿ ಬರುವಂತಹ ಏಕತೆಯ ಅನುಭವವನ್ನು ವಿವರಿಸಿದರು. ಸುಮಾರು 25 ವರ್ಷಗಳ ಬಳಿಕ ರಿಕ್ ಡಾಬ್ಲಿನ್‌ರು ಅವರನ್ನು ಹುಡುಕಿ ಮಾತನಾಡಿಸಿದರು. ದೊರೆತವರು ಆ ದಿನವನ್ನು ಇನ್ನೂ ಅಮೂಲ್ಯವೆಂದೇ ಭಾವಿಸಿದ್ದರು. ಅದರೊಡನೆ ಇನ್ನೊಂದು ಸತ್ಯವೂ 1991ರ ಅವರ ವರದಿಯಲ್ಲಿ ಹೊರಬಿದ್ದಿತು. ಅನೇಕರು ಆ ದಿನ ಭಯಂಕರ ಗಳಿಗೆಗಳನ್ನೂ ಕಂಡಿದ್ದರು. ಒಬ್ಬನು ಮಂದಿರದಿಂದ ಹೊರಗೆ ಓಡಿದುದರಿಂದ ಅವನನ್ನು ಶಾಂತಗೊಳಿಸಲು ಮದ್ದು ಕೊಡಬೇಕಾಗಿ ಬಂದಿತ್ತು. ಮೂಲ ಪ್ರಬಂಧದಲ್ಲಿ ಈ ಮದ್ದಿನ ಮಾತನ್ನು ಬಿಡಲಾಗಿತ್ತು. ಜಮೆಯನ್ನು ಬರೆದು ಖರ್ಚನ್ನು ಬಿಟ್ಟ ಲೆಕ್ಕವು ಲೆಕ್ಕವಾಗದು.

ಪ್ರಾಧ್ಯಾಪಕನು ರಾಮದಾಸನಾದುದು

ಆ ಕಾಲದಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ತಿಮೊತಿ ಲಿಯರಿ, ರಿಚರ್ಡ್ ಆಲ್ಪರ್ಟ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಇಂತಹ ಪ್ರಯೋಗಗಳಲ್ಲಿ ನಿರತರಾಗಿದ್ದರು. 1963ರಲ್ಲಿ ಇಬ್ಬರೂ ಕೆಲಸವನ್ನು ಕಳೆದುಕೊಂಡರು. ಆಲ್ಪರ್ಟರು ಎಲ್.ಎಸ್.ಡಿ.ಯನ್ನು ನೂರಾರು ಬಾರಿ ಸೇವಿಸಿದವರು. ಆದರೆ ಒಂದು ಕೊರಗು ಅವರನ್ನು ಬಿಡಲಿಲ್ಲ. ಎಷ್ಟು ಎತ್ತರಕ್ಕೆ ಏರಿದರೂ ಪ್ರತಿ ಬಾರಿಯೂ ಕೆಳಗಿಳಿಯಬೇಕಾಗಿತ್ತು. ಇಳಿದ ಮೇಲೆ ಅದೇ ಹಳೆಯ ಕಾತರ, ಅದೇ ಅಹಂಕಾರ.

1967ರಲ್ಲಿ ಅವರು ಭಾರತಕ್ಕೆ ಬಂದು, ನೈನಿತಾಲಿನ ಸಮೀಪದ ಬೆಟ್ಟಗಳಲ್ಲಿ ಹನುಮದ್ಭಕ್ತರಾದ ನೀಮ್ ಕರೋಲಿ ಬಾಬಾರವರನ್ನು ಕಂಡರು. ಮುಂದೆ ನಡೆದುದನ್ನು ಅವರೇ ಬರೆದಿಟ್ಟಿದ್ದಾರೆ. ಬಾಬಾರವರು ಆ ಔಷಧಿಯನ್ನು ತರುವಂತೆ ಹೇಳಿ, ಮೂರು ಗುಳಿಗೆಗಳನ್ನು, ಎಂದರೆ ಹಾಫ್‌ಮನ್‌ರು ಸೇವಿಸಿದುದರ ಮೂರರಷ್ಟಕ್ಕೂ ಹೆಚ್ಚು ಪ್ರಮಾಣವನ್ನು, ಬಾಯಿಗೆ ಹಾಕಿಕೊಂಡರು. ಆಲ್ಪರ್ಟರು ದಿನವೆಲ್ಲಾ ಕಾದು ನೋಡಿದರೂ ಏನೂ ಆಗಲಿಲ್ಲ. ಗುಳಿಗೆಗಳನ್ನು ಹಿಂದಕ್ಕೆ ಎಸೆದಿರಬಹುದೆಂಬ ಸಂದೇಹ ಅವರನ್ನು ಕಾಡಿತು. ಎರಡನೆಯ ಬಾರಿ ಭಾರತಕ್ಕೆ ಬಂದಾಗ ಬಾಬಾರವರು ಇನ್ನೂ ಹೆಚ್ಚಿನ ಪ್ರಮಾಣವನ್ನು ಅವರ ಕಣ್ಣೆದುರಿನಲ್ಲಿಯೇ ನುಂಗಿ ತೋರಿಸಿದರಂತೆ. ಆಗಲೂ ಅವರಲ್ಲಿ ಯಾವ ವಿಕಾರವೂ ಕಾಣಲಿಲ್ಲ. ಇದು ಒಬ್ಬ ಶಿಷ್ಯನ ಸಾಕ್ಷ್ಯವೇ ಹೊರತು ಪ್ರಯೋಗಶಾಲೆಯ ಪ್ರಮಾಣವಲ್ಲ. ಇದನ್ನು ಕೇಳಿ ಯಾರೂ ತಮ್ಮನ್ನು ಪರೀಕ್ಷಿಸಿಕೊಳ್ಳತಕ್ಕದ್ದಲ್ಲ.

ಪವಾಡಕ್ಕಿಂತಲೂ ಬಾಬಾರವರು ಹೇಳಿದರೆನ್ನಲಾದ ಮಾತು ಹೆಚ್ಚು ಬೆಲೆಯುಳ್ಳದ್ದು. ಇಂತಹ ಔಷಧಿಯಿಂದ ಮಹಾತ್ಮರ ದರ್ಶನವಾಗಬಹುದು, ಆದರೆ ಒಂದೆರಡು ಗಂಟೆಯ ಬಳಿಕ ಹಿಂದಿರುಗಬೇಕಾಗುವುದು. ದರ್ಶನ ಮಾಡುವುದಕ್ಕಿಂತ ಅವರಂತೆಯೇ ಆಗುವುದು ಮೇಲು. ಅದಕ್ಕೆ ಪ್ರೇಮವೇ ಹೆಚ್ಚು ಬಲವಾದ ಮದ್ದು ಎಂಬುದು ಆ ಮಾತಿನ ತಾತ್ಪರ್ಯ. ಆಲ್ಪರ್ಟರಿಗೆ ಬಾಬಾರವರು ಕೊಟ್ಟ ಹೆಸರು ರಾಮದಾಸ. ಸ್ವದೇಶಕ್ಕೆ ಮರಳಿ, ಸಾಯುವವರ ಶುಶ್ರೂಷೆ, ಕೈದಿಗಳ ಸೇವೆ, ಭಜನೆ, ಉಪನ್ಯಾಸಗಳಲ್ಲಿ ಅವರು ಜೀವನವನ್ನು ಕಳೆದರು.

1997ರಲ್ಲಿ ಅವರಿಗೆ ಪಾರ್ಶ್ವವಾಯು ಬಡಿಯಿತು. ಮೂವತ್ತು ವರ್ಷಗಳ ಸಾಧಕನಾದ ತನಗೆ ಆ ಗಳಿಗೆಯಲ್ಲಿ ಒಂದಾದರೂ ದೈವಚಿಂತನೆ ಬರಲಿಲ್ಲ, ಛಾವಣಿಯ ಕೊಳವೆಗಳನ್ನು ನೋಡುತ್ತಾ ಮಲಗಿದ್ದೆನೆಂದು ಅವರು ಮರೆಮಾಚದೆ ಹೇಳಿಕೊಂಡರು. ಪರೀಕ್ಷೆಯಲ್ಲಿ ತಪ್ಪಿದೆನೆಂದು ತಿಳಿದು ಸಾಧನೆಯನ್ನು ಮತ್ತೆ ಮುಂದುವರಿಸಿದರು. ಮಾತು ತೊದಲಿದರೂ, ಅರ್ಧ ಶರೀರ ನಿಷ್ಕ್ರಿಯವಾದರೂ ಇನ್ನೂ 22 ವರ್ಷ ಬದುಕಿ, 2019ರಲ್ಲಿ ಹವಾಯಿ ದ್ವೀಪದಲ್ಲಿ ದೇಹವನ್ನು ಬಿಟ್ಟರು.

ಮೆದುಳಿನಲ್ಲಿ ನಡೆಯುವುದೇನು

1970ರ ಅನಂತರ ಅಮೆರಿಕದಲ್ಲಿಯೂ, ಬಳಿಕ ಇತರ ದೇಶಗಳಲ್ಲಿಯೂ ಈ ವಸ್ತುಗಳು ನಿಷಿದ್ಧವಾದುದರಿಂದ ಸಂಶೋಧನೆ ಬಹುಕಾಲ ನಿಂತಿತು. 2006ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದ ರೋಲೆಂಡ್ ಗ್ರಿಫಿತ್ಸ್‌ರು ಪ್ರಕಟಿಸಿದ ಅಧ್ಯಯನವು ಅದಕ್ಕೆ ಮರುಜೀವ ಕೊಟ್ಟಿತು. ಅವರು ಸ್ವತಃ ಧ್ಯಾನವನ್ನು ಅಭ್ಯಸಿಸುತ್ತಿದ್ದವರು. ಆ ಅಧ್ಯಯನದಲ್ಲಿ ಸಿಲೋಸೈಬಿನ್ ಸೇವಿಸಿದವರಲ್ಲಿ ಮೂರರಲ್ಲಿ ಎರಡು ಪಾಲು ಜನ ಅದನ್ನು ತಮ್ಮ ಜೀವಮಾನದ ಐದು ಅತ್ಯಂತ ಅರ್ಥಪೂರ್ಣ ಅನುಭವಗಳಲ್ಲಿ ಒಂದೆಂದರು. ಮೂರರಲ್ಲಿ ಸುಮಾರು ಒಂದು ಪಾಲು ಜನ ತೀವ್ರ ಭಯವನ್ನು ಅನುಭವಿಸಿದರು.

ಮೆದುಳಿನಲ್ಲಿ ‘ನಾನು, ನನ್ನದು’ ಎಂಬ ಚಿಂತೆಯನ್ನು ಹೆಣೆಯುತ್ತಿರುವ ಕೆಲವು ಭಾಗಗಳ ಒಂದು ಜಾಲವುಂಟು. ನುರಿತ ಧ್ಯಾನಿಗಳಲ್ಲಿ ಈ ಜಾಲದ ಮುಖ್ಯ ಭಾಗಗಳ ಚಟುವಟಿಕೆ ಕಡಿಮೆಯಿರುವುದನ್ನು ಯೇಲ್ ವಿಶ್ವವಿದ್ಯಾನಿಲಯದವರು 2011ರಲ್ಲಿ ಕಂಡರು. ಸಿಲೋಸೈಬಿನ್ ಕೊಟ್ಟಾಗಲೂ ಅಂತಹ ಭಾಗಗಳಲ್ಲಿ ರಕ್ತದ ಹರಿವು ತಗ್ಗುವುದನ್ನು ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು 2012ರಲ್ಲಿ ಕಂಡರು. ಹಾಗಾದರೆ ಎರಡೂ ಒಂದೇ ಅಲ್ಲವೇ ಎಂದು ಕೇಳಬಹುದು. ಬೆಂಕಿ ಬಿದ್ದಾಗಲೂ ಮನೆ ಬೆಳಗುವುದು, ದೀಪ ಹಚ್ಚಿದಾಗಲೂ ಬೆಳಗುವುದು; ಬೆಳಕೊಂದನ್ನೇ ಅಳೆದವನಿಗೆ ಭೇದ ತಿಳಿಯದು. ಅಲ್ಲದೆ ಮೆದುಳಿನ ಅಳತೆಯು ದೇವರುಂಟೆಂದಾಗಲಿ ಇಲ್ಲವೆಂದಾಗಲಿ ತೀರ್ಪು ಕೊಡಲಾರದು. 2018ರಲ್ಲಿ ಗ್ರಿಫಿತ್ಸ್‌ರು 75 ಮಂದಿಗೆ ಔಷಧಿಯ ಜೊತೆಗೆ ಧ್ಯಾನಾದಿ ಸಾಧನೆಗಳನ್ನೂ ಹೇಳಿಕೊಟ್ಟ ಪ್ರಯೋಗವನ್ನು ಪ್ರಕಟಿಸಿದರು. ಔಷಧಿಯನ್ನು ಕೊಡುವವರೂ ಸಾಧನೆಯನ್ನು ಬಿಡಲಾಗದೆ ಅದನ್ನು ಜೊತೆಗೆ ಸೇರಿಸಬೇಕಾಯಿತೆಂಬುದು ವಿಚಾರಾರ್ಹ.

ಎರಡು ದಾರಿಗಳ ತಾರತಮ್ಯ

ಮೊದಲಿನ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಔಷಧಿಯು ಕೈಗಡದಂತೆ. ಕೈಗೆ ಬಂದ ಹಣ ನಿಜವಾದುದೇ. ಆದರೆ ಹೊತ್ತು ಮುಳುಗುವುದರೊಳಗೆ ಹಿಂದಿರುಗಿಸಬೇಕು. ಧ್ಯಾನವು ಸ್ವಂತ ಹೊಲದ ಬೇಸಾಯ. ಬೆಟ್ಟದ ಮೇಲೆ ನಿಂತು ಊರಿನ ಹಸಿರನ್ನೆಲ್ಲಾ ಒಮ್ಮೆ ಕಂಡವನ ಹೆಸರಿಗೆ ಒಂದು ಗುಂಟೆಯೂ ಖಾತೆಯಾಗುವುದಿಲ್ಲ. ಉಳುವ ಕಷ್ಟವೇ ಉಳುವವನನ್ನು ಮಾರ್ಪಡಿಸುವುದು. ಯಮ, ನಿಯಮಗಳನ್ನು ಮೊದಲು ಹೇಳಿ ಧ್ಯಾನವನ್ನು ಅನಂತರ ಹೇಳಿದುದರ ಮರ್ಮವೂ ಇದೇ. ಸುಳ್ಳನ್ನು ಬಿಡದೆ, ದ್ವೇಷವನ್ನು ಬಿಡದೆ ಕಂಡ ಬೆಳಕು ಸುಳ್ಳುಗಾರನ ಮನೆಯಲ್ಲಿಯೇ ಆರಿಹೋಗುವುದು. ಪೂಜೆ, ಭಜನೆಗಳ ಫಲವನ್ನು ಕಂಡ ದೃಶ್ಯಗಳಿಂದ ಎಣಿಸತಕ್ಕದ್ದಲ್ಲ. ಮನೆಯವರೊಡನೆ, ಆಳುಕಾಳುಗಳೊಡನೆ, ನೆರೆಯವರೊಡನೆ ನಡೆದುಕೊಳ್ಳುವ ರೀತಿಯಿಂದ ಎಣಿಸತಕ್ಕದ್ದು.

ಅಪಾಯದ ಮಾತನ್ನೂ ಹೇಳಬೇಕು. ವಂಶದಲ್ಲಿ ಚಿತ್ತವಿಭ್ರಮೆಯಿರುವವರಿಗೆ ಈ ವಸ್ತುಗಳು ರೋಗವನ್ನು ಕೆರಳಿಸಬಹುದಾದುದರಿಂದ ವೈದ್ಯರು ಅಂತಹವರನ್ನು ಪ್ರಯೋಗಕ್ಕೆ ಸೇರಿಸುವುದಿಲ್ಲ. ಕಳ್ಳತನದಿಂದ ಮಾರುವ ಗುಳಿಗೆಯಲ್ಲಿ ಏನಿದೆಯೆಂದು ಕೊಂಡವನಿಗೂ ತಿಳಿಯದು. ಭಾರತದಲ್ಲಿ 1985ರ ಮಾದಕವಸ್ತು ಕಾಯಿದೆಯ ಪ್ರಕಾರ ಎಲ್.ಎಸ್.ಡಿ., ಸಿಲೋಸೈಬಿನ್‌ಗಳನ್ನು ಇಟ್ಟುಕೊಳ್ಳುವುದೇ ಅಪರಾಧ. ಧ್ಯಾನವೂ ಅತಿಯಾದರೆ, ತಿಳಿದವರ ಮಾರ್ಗದರ್ಶನವಿಲ್ಲದೆ ದಿನಗಟ್ಟಲೆ ಹಠ ಹಿಡಿದರೆ ಮನಸ್ಸನ್ನು ಕಲಕುವುದುಂಟು, ಮಿತಿಯೇ ಕ್ಷೇಮ.

ಪ್ರಾರಂಭಿಸುವವರಿಗೆ ವಿಧಾನ ಸರಳವಾದುದು. ಬೆಳಗಿನ ಜಾವ ಶುಚಿಯಾಗಿ, ಬೆನ್ನು ನೆಟ್ಟಗಿರಿಸಿ, ಕಾಲುಗಂಟೆ ಕುಳಿತುಕೊಳ್ಳುವುದು. ಉಸಿರಾಟವನ್ನಾಗಲಿ ಇಷ್ಟದೇವತೆಯ ನಾಮವನ್ನಾಗಲಿ ಹಿಡಿಯುವುದು. ಮನಸ್ಸು ಓಡಿಹೋದರೆ, ಹಟ್ಟಿಯಿಂದ ತಪ್ಪಿಸಿಕೊಂಡ ಕರುವನ್ನು ಹೊಡೆಯದೆ ಕರೆತರುವಂತೆ, ಮತ್ತೆ ಕರೆತರುವುದು. ನೂರು ಬಾರಿ ಓಡಿದರೆ ನೂರು ಬಾರಿ ತರುವುದೇ ಅಭ್ಯಾಸ. ದೀರ್ಘಕಾಲ, ಎಡೆಬಿಡದೆ, ಆದರದಿಂದ ಮಾಡಿದಾಗಲೇ ಅದು ನೆಲೆಗೊಳ್ಳುವುದೆಂದು ಯೋಗಶಾಸ್ತ್ರದ ಅಭಿಪ್ರಾಯ.

ಎರಡು ನುಡಿಗಳನ್ನಾಡುವ ಈ ಗಡಿನಾಡಿನ ಜನರಿಗೆ ಒಂದು ಶಬ್ದದ ಚಮತ್ಕಾರ ತಿಳಿದದ್ದೇ ಆಗಿದೆ. ಅವಸರವೆಂದರೆ ಕನ್ನಡದಲ್ಲಿ ತ್ವರೆ. ತೆಲುಗಿನಲ್ಲಿ ಅದೇ ಶಬ್ದಕ್ಕೆ ಅಗತ್ಯವೆಂದು ಅರ್ಥ. ತನ್ನನ್ನು ತಾನು ಅರಿಯುವುದು ಮನುಷ್ಯನಿಗೆ ತೆಲುಗಿನ ಅವಸರ. ಅದನ್ನು ಕನ್ನಡದ ಅವಸರದಿಂದ ಪಡೆಯಲು ಹೊರಟವರು ಬಾಗಿಲ ತನಕ ಹೋಗಿ ಮರಳಿದರು. ಒಳಗೆ ನೆಲೆಸಬೇಕೆನ್ನುವವರು ದಿನದಿನವೂ ಹೊಸ್ತಿಲು ಗುಡಿಸಿ, ದೀಪ ಹಚ್ಚಿ, ಕಾಯಬೇಕಾಗಿದೆ.